ಗುರುವಾರದ ಬಾಯಿ

ವಡಾಳದ ಮುನಿಸಿಪಲ್ ಶಾಲೆ. ಕಟ್ಟಡ ಒಂದೇ, ಭಾಷೆ ನಾಲ್ಕು:
ನೆಲಕ್ಕೆ ಮರಾಠಿ, ಅದರ ಮೇಲೆ ಉರ್ದು, ಅದರ ಮೇಲೆ ತಮಿಳು,
ನಲ್ಲಿ ನೀರು ಹತ್ತದ ತುದಿ ಮಾಳಿಗೆಗೆ ಕನ್ನಡ.
ಮೆಟ್ಟಿಲ ಕೆಳಗಿನ ಮೂಲೆ ನನ್ನದು.
ತೂಕದ ಯಂತ್ರ, ಬೆಂಚು, ಅಯೋಡಿನ್ ಬಾಟಲಿ,
ಹೊರಗೆ ಬೀಗ.

ಗುರುವಾರ ಮಾತ್ರ ಬರುತ್ತೇನೆ.
ಉಳಿದ ದಿನ ಸಾಯನ್, ಆಂಟಾಪ್ ಹಿಲ್, ಕೋಳಿವಾಡ,
ಒಟ್ಟು ಹನ್ನೊಂದು ಶಾಲೆ, ಒಂದೇ ಚೀಲ.
ಕೆಳಗಿನ ಮಕ್ಕಳು ‘ಬಾಯಿ ಆಲ್ಯಾ’ ಎಂದು ಓಡಿಬಂದರೆ
ಮೇಲೆ ನಮ್ಮವು ಕಟಕಟೆಗೆ ಜೋತುಬಿದ್ದು ನಗುತ್ತವೆ:
‘ಬಾಯಿ ಬಂತು, ಗುರುವಾರದ ಬಾಯಿ ಬಂತು!’
ನಗಲಿ. ನಾನು ನೋಡುವುದೂ ಬಾಯಿಯನ್ನೇ.
ಆ ಅನ್ನು. ಇನ್ನೂ ಅಗಲ.
ಹುಳುಕು ಹಲ್ಲು, ಬಿಳಿಚಿದ ನಾಲಗೆ,
ಬೆಳಿಗ್ಗೆ ಏನು ತಿಂದೆ ಎಂದೊಡನೆ
ತಟ್ಟನೆ ಮುಚ್ಚಿಕೊಳ್ಳುವ ತುಟಿ.

ಸಾಬಮ್ಮನಿಗೆ ಫಿಟ್ಸ್ ಬಂದದ್ದು ಮಂಗಳವಾರ,
ಎರಡನೇ ಮಾಳಿಗೆಯ ತಿರುವಿನಲ್ಲಿ, ಖಿಚಡಿ ತಟ್ಟೆ ಹಿಡಿದಾಗ.
ತಮಿಳು ಟೀಚರು ನೀರು ಚಿಮುಕಿಸಿದರಂತೆ,
ಉರ್ದು ಮೌಲವಿ ಏನೋ ಓದಿ ಊದಿದರಂತೆ,
ವಾಚ್‌ಮನ್ ಧೋಂಡುಮಾಮಾ ಓಡಿಬಂದು
ಕಬ್ಬಿಣ ಹಿಡಿಸಿದರೆ ನಿಲ್ಲುತ್ತದೆಂದು
ಅವಳ ಮುಷ್ಟಿಗೆ ತುರುಕಿದ್ದು
ನನ್ನ ಕೋಣೆಯ ಬೀಗದ ಕೈ.

ಎಷ್ಟು ಹೊತ್ತು? ಯಾರೂ ಗಡಿಯಾರ ನೋಡಿಲ್ಲ.
ಮಗ್ಗುಲಿಗೆ ಹೊರಳಿಸಿದಿರಾ? ಯಾರಿಗೂ ಗೊತ್ತಿಲ್ಲ.
ಗುರುವಾರ ಅವಳ ಅಂಗೈ ಬಿಡಿಸಿದೆ:
ಕೀಲಿಯ ಹಲ್ಲು ಮೂರು, ಚರ್ಮದಲ್ಲಿ ಮೂರು ಗಾಯ.
‘ಅದು ಕೈಯಲ್ಲಿ ಹಿಡಿಯೋದಕ್ಕಲ್ಲ ಮಾಮಾ,
ಬಾಗಿಲು ತೆಗೆಯೋದಕ್ಕೆ.’
ಧೋಂಡುಮಾಮಾ ಟೋಪಿ ತೆಗೆದು ತಲೆ ಕೆರೆದುಕೊಂಡ.
‘ತೆಗೆದರೆ ಒಳಗೆ ಯಾರಿದ್ದರು, ಬಾಯಿ?’

ಮಸೂದೆಯೊಂದು ಬರಲಿದೆಯಂತೆ.
ಏಳುನೂರೈವತ್ತು ಮಕ್ಕಳಿಗೆ ಒಬ್ಬ ನರ್ಸ್, ದಿನವಿಡೀ, ಶಾಲೆಯಲ್ಲೇ.
ಅಭಿಪ್ರಾಯ ಕೇಳಿ ಕಾಗದ ಬಂದಿದೆ, ಮೂರು ಪ್ರತಿಯಲ್ಲಿ.
ಓದುತ್ತ ಹೋದೆ, ಎದೆ ಹಗುರಾಗುತ್ತ ಹೋಯಿತು,
ನಾಲ್ಕನೇ ಕಲಮಿನ ಕೊನೆಗೆ ಕಾಲು ಎಡವಿತು:
‘ಸಾಧ್ಯವಾದ ಮಟ್ಟಿಗೆ.’
ಹದಿನೆಂಟು ವರ್ಷದ ನೌಕರಿಯಲ್ಲಿ
ಈ ಎರಡು ಪದಗಳ ಎತ್ತರ, ತೂಕ
ನನ್ನಷ್ಟು ಬಲ್ಲವರಿಲ್ಲ.

ವಿಲಾಸಿನಿ ಟೀಚರ್ ಅಂದೇ ಬೋರ್ಡಿನ ಮೇಲೆ ಬರೆದರು,
ತಮಾಷೆಗೋ, ಸಿಟ್ಟಿಗೋ:
ನರ್ಸ್ ಒಬ್ಬರು, ಮಕ್ಕಳು ನಾಲ್ಕು ಸಾವಿರದ ಇನ್ನೂರು.
ಒಬ್ಬೊಬ್ಬರಿಗೆ ಎಷ್ಟೆಷ್ಟು?
ಭೀಮಾಶಂಕರ, ನಾಲ್ಕನೇ ಇಯತ್ತೆ,
ಅಪ್ಪ ಫ್ಲೈಓವರಿನ ಗಾರೆ ಕೆಲಸಕ್ಕೆ, ಊರು ಸುರಪುರದ ಕಡೆ,
ಬೆರಳು ಮಡಚಿ, ಬಿಡಿಸಿ, ಮತ್ತೆ ಮಡಚಿ ಎದ್ದುನಿಂತ:
‘ಭಾಗ ಹೋಗಂಗಿಲ್ರಿ ಟೀಚರ್. ಸೊನ್ನಿ ಇಡಬೇಕು.
ಶೇಷ, ಬಾಯಿ.’

ಲೋಕಲ್ಲಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು
ಉತ್ತರ ಬರೆಯಲು ಕುಳಿತೆ. ಜಿಟಿಬಿ ನಗರದಿಂದ ಮಾನಖುರ್ದಿನ ತನಕ
ಒಂದು ಸಾಲೂ ಮೂಡಲಿಲ್ಲ.
ಕಾಗದದ ಮೇಲೆ ಕೀಲಿಯಿಟ್ಟು ಸುತ್ತ ಗೆರೆ ಎಳೆದೆ,
ಮೂರೂ ಪ್ರತಿಯಲ್ಲಿ,
ಕೆಳಗೆ ಬರೆದೆ: ಅಳತೆ ಮೂಲದಷ್ಟೇ. ವಯಸ್ಸು ಎಂಟು. ಎಡಗೈ.
ವಾರ್ಡ್ ಆಫೀಸಿನ ಗುಮಾಸ್ತ ತಿರುಗಿಸಿ ಮುರುಗಿಸಿ ನೋಡಿದ,
ಕಾಲಂ ಸಿಗದೆ ಠಸ್ಸೆ ಒತ್ತಿದ.

ಮೂರು ತಿಂಗಳಾಯಿತು.
ಸಾಬಮ್ಮ ಈಗ ಹತ್ತೊಂಬತ್ತು ಕಿಲೋ ನಾನೂರು,
ಮಾತ್ರೆ ಕೆಇಎಮ್ಮಿನಿಂದ, ತಪ್ಪದೆ.
ಮಸೂದೆ ಮುಂದಿನ ಅಧಿವೇಶನಕ್ಕಂತೆ.
ಯಂತ್ರದಿಂದ ಇಳಿಯುತ್ತ ಅವಳು ಕೇಳಿದಳು,
‘ಬಾಯಿ, ನಾಳೀಗೂ ಬರ್ತೀರೇನ್ರಿ?’

ಆ ಅನ್ನು, ಅಂದೆ.